ಎಡಕ್ಕೆ ಬಿದ್ದ ಹೂವು

ನನ್ನ ತಂಗಿಗೆ ಒಂದೇ ವಾರದಲ್ಲಿ ಎರಡು ಕಡೆ ಡಾಕ್ಟರ್ ಸೀಟು ಸಿಕ್ಕಿತು. ಇಡೀ ದೇಶಕ್ಕೆ ಅಂತ ನಡೆಯುವ ಕೌನ್ಸೆಲಿಂಗ್‌ನಲ್ಲಿ ಕೇರಳದಲ್ಲೊಂದು. ನಮ್ಮ ರಾಜ್ಯದ ಕೌನ್ಸೆಲಿಂಗ್‌ನಲ್ಲಿ ಕಲಬುರಗಿಯಿಂದಲೂ ಆಚೆ ಇನ್ನೊಂದು. ಎರಡೂ ಸರ್ಕಾರಿ ಕಾಲೇಜೇ. ಒಂದನ್ನು ಇಟ್ಟುಕೊಂಡು ಒಂದನ್ನು ಬಿಡಬೇಕಿತ್ತು. ಅದನ್ನು ಹೇಗೆ ಆರಿಸೋದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅಪ್ಪನಿಗೆ ರುಜು ಹಾಕುವುದು ಬರುತ್ತಿತ್ತು. ನಾನು ಎಂಟನೇ ಕ್ಲಾಸಿಗೆ ಬಿಟ್ಟವನು. ಓದಿದ್ದು ಅವಳೊಬ್ಬಳೇ.

ನಮ್ಮೂರು ಬೆಟ್ಟದಪುರದ ಹತ್ತಿರ. ಆಗ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ತೂಗಿಹಾಕಿ ಬೇಯಿಸುವ ಕೋಣೆಗೆ, ಅಂದರೆ ಬ್ಯಾರನ್ನಿಗೆ, ಒಂದು ಸಲ ಬೆಂಕಿ ಹಾಕಿದರೆ ಸೊಪ್ಪು ಕೆಳಗೆ ಇಳಿಸುವವರೆಗೂ ಒಬ್ಬರು ಒಲೆ ಬಾಯಲ್ಲಿ ಕೂತಿರಲೇಬೇಕು. ಬಿಸಿ ಇಳಿದರೂ ಸೊಪ್ಪು ಕೆಟ್ಟಿತು, ಏರಿದರೂ ಕೆಟ್ಟಿತು. ಹಾಗಾಗಿ ನಮ್ಮ ಮನೆಯ ಪಂಚಾಯ್ತಿಯೆಲ್ಲ ಆ ದಿನಗಳಲ್ಲಿ ಬ್ಯಾರನ್ ಮುಂದೆಯೇ ನಡೆಯುತ್ತಿತ್ತು. ಅಪ್ಪ ಸೌದೆ ತಳ್ಳುತ್ತಾ ಮಾತಾಡುತ್ತಿದ್ದ. ನಾವು ಕಡ್ಡಿಗೆ ಸೊಪ್ಪು ಕಟ್ಟುತ್ತಾ ಮಾತಾಡುತ್ತಿದ್ದೆವು.

ಅಪ್ಪನಿಗೆ ಕೇರಳ ಬೇಡ.

"ಅಲ್ಲ ಕಣವ್ವ, ಕಾಯ್ಲೆಯೋನು ಬಂದು ಒಟ್ಟೆ ನೋವು ಅಂತ ಮಲಯಾಳದಲ್ಲಿ ಅಂದ್ರೆ, ನೀನು ಕಣ್ಣಿಗೆ ಔಸ್ದಿ ಬುಟ್ಟೀಯ."

"ಕಲ್ತ್ಕೊತೀನಿ ಬುಡಪ್ಪ. ಕಲಬುರ್ಗಿಯೋರು ಆಡೋ ಕನ್ನಡ ನಿಂಗೆ ಗೊತ್ತಾಯ್ತದಾ?"

ನಮ್ಮ ಪಕ್ಕದ ಹೊಲವನ್ನು ಗುತ್ತಿಗೆಗೆ ತೆಗೆದುಕೊಂಡು ಶುಂಠಿ ಹಾಕಿದ್ದ ಕೇರಳದವನೊಬ್ಬ ಇದ್ದ. ಊರಿನವರೆಲ್ಲ ಚೇಟ ಅಂತಿದ್ದರು. ಅವನು ಬೇಲಿ ದಾಟಿ ಬಂದು ಕೂತು, "ನೀವು ಹೆದರ್ಬೇಡ. ಆ ಕಾಲೇಜು ನನ್ನ ಮನೆ ಹತ್ರ. ನನ್ನ ಹೆಂಡ್ತಿ ಊಟ ಕೊಡ್ತದೆ" ಅಂದ.

"ನಿನ್ ಎಂಡ್ತಿ ಮೀನ್ ಸಾರೇ ಕೊಡ್ತದೆ ಕಣಯ್ಯ. ನನ್ ಮಗಳಿಗೆ ಮುಳ್ಳು ಬುಡ್ಸದ್ರಲ್ಲೇ ಓದು ಮುಗ್ದೋಯ್ತದೆ."

ಚೇಟನೇ ಜೋರಾಗಿ ನಕ್ಕ. ಅವ್ವ ನಗಲಿಲ್ಲ. ಅವಳು ಗೋಡೆಗೆ ಒರಗಿ ಕೂತು ಬಾಯಲ್ಲಿ ಒಂದು ಚೂರು ಹುಣಸೆಹಣ್ಣು ಇಟ್ಟುಕೊಂಡಿದ್ದಳು. ಬಾಯಾರಿಕೆಗೆ.

ಅವ್ವನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ನಾನು ಬೈಕಿನಲ್ಲಿ ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದೆ. ಆ ಕಾಯಿಲೆಯವರು ನೀರು ಜಾಸ್ತಿ ಕುಡಿಯುವ ಹಾಗಿಲ್ಲ. ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ನಿಲ್ಲುತ್ತದೆ, ಕಾಲು ಊದುತ್ತದೆ, ಆಮೇಲೆ ಎದೆಗೆ ಬರುತ್ತದೆ. ತಂಗಿ ಒಂದು ಸಣ್ಣ ಸ್ಟೀಲ್ ಲೋಟ ಗೊತ್ತು ಮಾಡಿದ್ದಳು. ಅವ್ವನಿಗೆ ನೀರು ಅಂದರೆ ಆ ಲೋಟದಲ್ಲೇ, ಅವಳು ಕೊಟ್ಟಾಗಲೇ. ಅವ್ವ ಬೈಯುತ್ತಿದ್ದಳು, ಬೇಡುತ್ತಿದ್ದಳು, ಅಳುತ್ತಿದ್ದಳು. ತಂಗಿ ಕೊಡುತ್ತಿರಲಿಲ್ಲ. ಅಪ್ಪನ ಕೈಯಲ್ಲಾಗಲಿ ನನ್ನ ಕೈಯಲ್ಲಾಗಲಿ ಅದು ಆಗುತ್ತಿರಲಿಲ್ಲ.

ಅವಳು ಕೇರಳ ಅಂತ ಹಟ ಹಿಡಿದದ್ದು ಇದಕ್ಕೇ.

"ಕೇರಳ ಆದ್ರೆ ಶನಿವಾರ ಬಸ್ ಹತ್ತುದ್ರೆ ಸಂಜೆಗೆ ಮನೆ. ಕುಟ್ಟ, ಗೋಣಿಕೊಪ್ಪ, ಹುಣಸೂರು, ಆಯ್ತು. ಕಲಬುರ್ಗಿ ಅಂದ್ರೆ ರೈಲಲ್ಲೇ ರಾತ್ರಿಯೆಲ್ಲ ಕಳೀಬೇಕು. ಅವ್ವನ್ನ ನೋಡ್ಕೊಳೋರ್ ಯಾರು?"

"ನಾನೇನ್ ಎಳೇ ಮಗೂನಾ?" ಅಂದಳು ಅವ್ವ.

"ಎಳೇ ಮಗ ಆಗಿದ್ರೆ ವಾಸಿ ಇತ್ತು. ಕದ್ದು ನೀರ್ ಕುಡೀತಿರ್ನಿಲ್ಲ."

ದಿನಾ ಇದೇ ಮಾತು. ಕೊನೆಗೆ ಮಾರನೇ ದಿನ ಸಂಜೆಯೊಳಗೆ ಯಾವುದಾದರೂ ಒಂದಕ್ಕೆ ಒಪ್ಪಿಗೆ ಕೊಡಬೇಕು ಅನ್ನುವ ಹೊತ್ತು ಬಂತು. ಅಪ್ಪ ಸೌದೆ ಕೆಳಗೆ ಇಟ್ಟು, "ಅಮ್ಮನ್ನೇ ಕೇಳ್ಬುಡವಾ" ಅಂದ.

ನಮ್ಮಲ್ಲಿ ಹೆತ್ತವಳು ಅವ್ವ, ಅಮ್ಮ ಅಂದರೆ ಊರ ಗುಡಿಯ ದೇವತೆ. ಮನೆ ಕಟ್ಟುವುದಿರಲಿ, ಹೆಣ್ಣು ನೋಡುವುದಿರಲಿ, ಬೋರ್ ಹಾಕಿಸುವುದಿರಲಿ, ಊರಿನವರು ಹೋಗಿ ಹೂ ಕೇಳುತ್ತಾರೆ. ಪೂಜಾರಿ ನೀರಲ್ಲಿ ನೆನೆಸಿದ ಹೂವನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಬಲಕ್ಕೆ ಕೊಟ್ಟರೆ ಇದು, ಎಡಕ್ಕೆ ಕೊಟ್ಟರೆ ಅದು ಅಂತ ಮೊದಲೇ ಹೇಳಿಕೊಂಡು ಕಾಯಬೇಕು. ಯಾವ ಕಡೆ ಹೂ ಬೀಳುತ್ತದೋ ಅದು ಅಮ್ಮನ ಮಾತು. ಅದರ ಮೇಲೆ ಮಾತಿಲ್ಲ. ತಂಗಿ ಓದಿದವಳಾದರೂ ಒಪ್ಪಿಕೊಂಡಳು. ಪರೀಕ್ಷೆಗೆ ಹೋಗುವ ಮುಂಚೆ ಅಲ್ಲೇ ಹಣೆ ಹಚ್ಚಿ ಹೋಗಿದ್ದವಳು ಅವಳು.

ಆದರೆ ಅವತ್ತು ಅವಳು ಹೊರಗಾಗಿದ್ದಳು. ಗುಡಿಯೊಳಗೆ ಬರುವ ಹಾಗಿರಲಿಲ್ಲ. ಸ್ನಾನ ಆಗುವವರೆಗೆ ಕಾಯೋಣ ಅಂದರೆ ದಿನ ಇರಲಿಲ್ಲ. ಅಪ್ಪ ಬ್ಯಾರನ್ ಬಿಟ್ಟು ಬರುವ ಹಾಗಿರಲಿಲ್ಲ. ಅವ್ವ, ನಾನು ಹೊರಟೆವು. ತಂಗಿ ಹಿಂದೆ ಬಂದಳು.

"ಕಾಲೇಜ್ ನಂದು, ಕೇಳೋರ್ ನೀವು" ಅಂದಳು ನಗುತ್ತಾ. ಗುಡಿಯ ಮುಂದಿನ ಅರಳಿಕಟ್ಟೆಯಿಂದ ಇನ್ನೂ ಆಚೆ, ರಸ್ತೆ ಪಕ್ಕ ನಿಂತುಕೊಂಡಳು.

ಅವ್ವ ದಾರಿಯಲ್ಲಿ ಎರಡು ಮೂರು ಕಡೆ ನಿಂತು ಉಸಿರು ತೆಗೆದುಕೊಂಡಿದ್ದಳು. ಗುಡಿಯೊಳಗೆ ಕಂಬ ಹಿಡಿದು ಕೂತಳು.

"ಏನ್ ಕೇಳದಕ್ಕ?" ಅಂದ ಪೂಜಾರಿ.

"ಬಲಕ್ಕೆ ಕೊಟ್ರೆ ಕಲಬುರ್ಗಿ. ಎಡಕ್ಕೆ ಕೊಟ್ರೆ ಕೇರಳ."

"ಅಮ್ಮಂಗೆ ಕೇರಳ ಎಲ್ಲೈತೆ ಅಂತ ಗೊತ್ತಾ?"

"ನಿಂಗ್ ಗೊತ್ತಿಲ್ದಿದ್ರೆ ಅವಳ್ಗೂ ಗೊತ್ತಿರಾಕಿಲ್ವಾ? ಹೂ ಇಡು ಸುಮ್ನೆ."

ಅವನು ಇಟ್ಟ. ಮಂಗಳಾರತಿ ಮಾಡಿದ. ಗಂಟೆ ಹೊಡೆದ. ಬಹಳ ಹೊತ್ತು ಕಾಯಿಸಲಿಲ್ಲ ಅಮ್ಮ. ಎಡ ಭುಜದ ಹೂ ಜಾರಿ ಪಾದದ ಹತ್ತಿರ ಬಿತ್ತು. ಬಲದ ಹೂ ಹಾಗೇ ಇತ್ತು. ನಾನು ನೋಡಿದೆ. ಅವ್ವ ನೋಡಿದಳು.

"ಎಡಕ್ಕೆ ಕೊಟ್ಲು ಕಣಕ್ಕ. ಕೇರಳ" ಅಂದ ಪೂಜಾರಿ. ಹೂ ಎತ್ತಿ ಅವ್ವನ ಕೈಗೆ ಕೊಟ್ಟ.

ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಮುಡಿದುಕೊಳ್ಳಲಿಲ್ಲ. ಸೀರೆಯ ಸೊಂಟದಲ್ಲಿ ಸಿಕ್ಕಿಸಿಕೊಂಡು ಮೇಲೆ ಸೆರಗು ಎಳೆದಳು. ಆಮೇಲೆ ಪೂಜಾರಿಯನ್ನು ನೋಡಿ, "ನೀನೇನೂ ನೋಡ್ನಿಲ್ಲ" ಅಂದಳು.

"ಅಕ್ಕಾ, ಅಮ್ಮನ್ ಮಾತು..."

"ಅಮ್ಮನ್ ತಾವ ನಾನ್ ಮಾತಾಡ್ಕೊತೀನಿ. ತಪ್ ಕಾಣ್ಕೆ ಕಟ್ತೀನಿ. ನೀನ್ ಬಾಯ್ ಮುಚ್ಕೊಂಡಿರು." ನನ್ನ ಕಡೆ ತಿರುಗಿ, "ನೀನೂವೆ ಕಣ್ಲಾ" ಅಂದಳು.

ಹೊರಗೆ ಬಂದೆವು. ತಂಗಿ ರಸ್ತೆಯಿಂದಲೇ ಕೂಗಿದಳು. "ಯಾವ್ ಕಡೀಕ್ ಬಿತ್ತವ್ವಾ?"

"ಬಲಕ್ಕೆ" ಅಂದಳು ಅವ್ವ.

ತಂಗಿ ನನ್ನ ಮುಖ ನೋಡಲಿಲ್ಲ. ಅವ್ವನ ಮುಖವನ್ನೂ ನೋಡಲಿಲ್ಲ. ಗುಡಿಯ ಕಡೆ ನೋಡಿದಳು. ದೂರದಿಂದಲೇ ಕೈ ಮುಗಿದಳು. ಸಂಜೆ ಮೊಬೈಲಿನಲ್ಲಿ ಕಲಬುರಗಿ ಕಡೆಯದಕ್ಕೆ ಒಪ್ಪಿಗೆ ಕೊಟ್ಟಳು. ಅಪ್ಪ ಖುಷಿಯಾಗಿ ಒಲೆಗೆ ಇನ್ನೊಂದು ಕೊರಡು ತಳ್ಳಿದ. ಚೇಟ ಮಾತ್ರ, "ನಿಮ್ಮ ಅಮ್ಮನಿಗೆ ಮೀನು ಇಷ್ಟ ಇಲ್ಲ" ಅಂತ ಹೇಳಿ ಹೋದ.

ಮುಂದಿನ ಸಲ ಪಿರಿಯಾಪಟ್ಟಣಕ್ಕೆ ಹೋದಾಗ ನಾನು ಅವ್ವನನ್ನು ಕೇಳಿದೆ. ಅವಳು ಹಾಸಿಗೆಯ ಮೇಲಿದ್ದಳು. ಕೈಗೆ ಪೈಪು ಹಾಕಿದ್ದರು.

"ಯಾಕವ್ವ ಅಂಗ್ ಮಾಡ್ದೆ? ಅವಳು ನಿಂಗೋಸ್ಕರ್ವೇ ಹತ್ರ ಕೇಳಿದ್ದು."

"ಅದ್ಕೇ ಕಣ್ಲಾ. ಹತ್ರ ಇದ್ರೆ ವಾರ ವಾರ ಬತ್ತಳೆ. ನನ್ ಕಾಲ್ ಅಮುಕ್ ನೋಡ್ತಾ ಕೂತ್ಕೊತಳೆ. ನಾನ್ ಒಂದಿನ ಜಾಸ್ತಿ ಮಲ್ಗುದ್ರೆ ಓದ್ ಬುಟ್ಟು ಬಂದ್ಬುಡ್ತಳೆ. ಅವಳ ಬುದ್ಧಿ ನಂಗ್ ಗೊತ್ತಿಲ್ವಾ?"

"ನಿನ್ನ ಯಾರ್ ನೋಡ್ಕೊತಾರೆ ಮತ್ತೆ?"

"ನೋಡ್ಕೊಂಡ್ರೆ ಎಷ್ಟ್ ದಿನ ಇದ್ದೇನು ನಾನು?"

 ನಾನು ಹೊರಗೆ ಬಂದು ಬೈಕಿನ ಮೇಲೆ ಕೂತೆ.

ತಂಗಿ ಹೋದಳು. ಹೋಗುವ ಮುಂಚೆ ಸ್ಟೀಲ್ ಲೋಟ ನನ್ನ ಕೈಗೆ ಕೊಟ್ಟಳು. "ಅತ್ತರೂ ಕೊಡ್ಬೇಡ ಕಣಣ್ಣ" ಅಂದಳು. ನಾನು ಕೊಡದಿದ್ದರೆ ಅವ್ವ ಕೊಟ್ಟಿಗೆಯ ನೀರಿನ ತೊಟ್ಟಿಗೆ ಹೋಗುತ್ತಿದ್ದಳು. ಅವಳನ್ನು ತಡೆಯಲು ಮನೆಯಲ್ಲಿ ಇಪ್ಪತ್ನಾಲ್ಕು ಗಂಟೆ ಒಬ್ಬರು ಬೇಕಿತ್ತು. ಹೊಲ, ಸೊಪ್ಪು, ಹರಾಜು, ಎಲ್ಲ ನಾನೂ ಅಪ್ಪನೂ.

ತಂಗಿ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಮೊದಲನೇ ಮಾತೇ, "ಕಾಲ್ ತೋರ್ಸವ್ವ."

"ಏನ್ ಕಾಲ್ ಕಾಲ್ ಅಂತೀಯಮ್ಮಿ, ಮಕ ನೋಡು."

"ಮಕ ಆಮೇಲೆ. ಕಾಲ್ ತೋರ್ಸು. ಬೆರಳಲ್ಲಿ ಅಮುಕು, ಗುಳಿ ಬಿದ್ರೆ ನೀರ್ ನಿಂತೈತೆ ಅಂತ."

ಅವ್ವ ಸೀರೆ ಇನ್ನೂ ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು. ಬಿಸಿಲು ಜಾಸ್ತಿ ಅಂತೆ ಅಲ್ಲಿ, ರೊಟ್ಟಿ ತಿಂತೀಯಾ, ಹೆಣ ಕುಯ್ಯುವಾಗ ಭಯ ಆಗಲಿಲ್ವಾ ಅಂತ ಏನೇನೋ ಕೇಳುತ್ತಿದ್ದಳು.  ಅಷ್ಟೊತ್ತಿಗೆ ಗುಡಿಯವರೆಗೆ ನಡೆಯುವುದು ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಒಂದು ದಿನ ಹಳದಿ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿ ದೇವರ ಗೂಡಿನಲ್ಲಿ ಇಟ್ಟಳು. ನಾನು ಕೇಳಲಿಲ್ಲ. ಅದು ತಪ್ಪು ಕಾಣಿಕೆ ಅಂತ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವನಿಗೆ ಉಸಿರು ಎಳೆಯಲು ಆಗಲಿಲ್ಲ. ಪಿರಿಯಾಪಟ್ಟಣದಲ್ಲಿ ನೋಡಿ ಮೈಸೂರಿಗೆ ಕರೆದುಕೊಂಡು ಹೋಗಿ ಅಂದರು. ಆಂಬುಲೆನ್ಸಿನಲ್ಲಿ ನಾನು ಅವಳ ತಲೆ ಹಿಡಿದು ಕೂತಿದ್ದೆ. ಹುಣಸೂರು ದಾಟಲಿಲ್ಲ.

ಊರಿನ ಹಿರಿಯರು ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿಬಿಡೋಣ ಅಂದರು. ಕಾಯಿಸಬಾರದು ಅಂದರು. ಅಪ್ಪ ಯಾವತ್ತೂ ಹಿರಿಯರಿಗೆ ಎದುರು ಮಾತಾಡಿದವನಲ್ಲ. ಅವತ್ತು ಬಾಗಿಲಿಗೆ ಅಡ್ಡ ಕೂತ. "ಮಗಳು ಬರೋಗಂಟ ಎತ್ತಕ್ಕೆ ಬುಡಾಕಿಲ್ಲ. ಯಾರಾರ ಮುಟ್ಟುದ್ರೆ ನೋಡಿ" ಅಂದ.

ತಂಗಿ ಮಾರನೇ ದಿನ ಮಧ್ಯಾಹ್ನ ಬಂದಳು. ಚಪ್ಪಲಿ ಬಿಟ್ಟು ನೇರ ಅವ್ವನ ಕಾಲ ಹತ್ತಿರ ಹೋಗಿ ಕೂತಳು. ಸೀರೆ ಸ್ವಲ್ಪ ಸರಿಸಿ ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಬಿತ್ತು. ಗುಳಿ ಹಾಗೇ ಇತ್ತು.

"ಯಾವಾಗಿಂದ ಇಂಗಿತ್ತು?" ಅಂದಳು.

ಅಪ್ಪ ಸೀರೆ ಎಳೆದು ಕಾಲು ಮುಚ್ಚಿದ. ಅವಳು ಅಳಲಿಲ್ಲ. ಹೆಂಗಸರು ಅವಳನ್ನು ಅಳಿಸಲು ನೋಡಿದರು. ಆಗಲಿಲ್ಲ.

ತಿಥಿ ಮುಗಿಯಿತು. ಅವಳು ವಾಪಸ್ ಹೊರಡುವ ದಿನ ಅಪ್ಪ, "ಗುಡಿ ಬಾಗ್ಲಲ್ಲೇ ನಿಂತು ಒಂದ್ ಕೈ ಮುಗ್ದು ಹೋಗು ಮಗ" ಅಂದ.

"ನಾನ್ ಹೋಗಾಕಿಲ್ಲ."

"ಅಂಗನ್ಬಾರ್ದು ಕಣವ್ವ."

"ಅವಳ್ ಮಾತ್ ಕೇಳೇ ತಾನೆ ನಾನ್ ಅಷ್ಟ್ ದೂರ ಹೋಗಿದ್ದು? ಹತ್ರ ಇದ್ದಿದ್ರೆ ನೋಡ್ತಿದ್ದೆ, ಕಾಲ್ ಊದಿರದು. ಬಲಕ್ಕೆ ಕೊಟ್ಟಳಲ್ಲ, ಅವಳ್ಗೇನ್ ಗೊತ್ತಿತ್ತು? ಇನ್ ಯಾವತ್ತೂ ಕೈ ಮುಗಿಯಾಕಿಲ್ಲ."

ಅಪ್ಪ ತಲೆ ತಗ್ಗಿಸಿ ಹೊರಗೆ ಹೋದ. ಅವನಿಗೆ ಏನೂ ಗೊತ್ತಿರಲಿಲ್ಲ. ತಂಗಿ ದೇವರ ಗೂಡಿನಿಂದ ಕುಂಕುಮ ಇಟ್ಟುಕೊಳ್ಳಲು ಹೋದವಳು ಹಳದಿ ಗಂಟು ನೋಡಿದಳು.

"ಇದ್ಯಾವ ಹರಕೆ?"

"ಹರಕೆ ಅಲ್ಲ. ತಪ್ ಕಾಣ್ಕೆ. ಅವ್ವ ಕಟ್ಟಿದ್ದು."

"ಏನ್ ತಪ್ ಮಾಡಿದ್ಲು ಅವ್ವ?"

ನಂಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. "ಹೂ ಎಡಕ್ಕೆ ಬಿದ್ದಿತ್ತು ಕಣಮ್ಮಿ" ಅಂದೆ. "ಅಮ್ಮ ಕೇರಳಾನೇ ಕೊಟ್ಟಿದ್ಲು. ಅವ್ವ ಬಲ ಅಂದ್ಬುಟ್ಲು. ಹತ್ರ ಇದ್ರೆ ನೀನು ಓದ್ ಬುಟ್ ಬಂದ್ಬುಡ್ತೀಯ ಅಂತ. ಕೋಪ ಮಾಡ್ಕೊಳೋದಾದ್ರೆ ಅವ್ವನ್ ಮೇಲೆ ಮಾಡ್ಕೊ. ದೇವ್ರನ್ ಯಾಕ್ ಬೈತೀಯ?"

ಅವಳು ನಿಂತಲ್ಲೇ ಕೂತಳು. ಆಗ ಅತ್ತಳು. ಅಷ್ಟು ದಿನದ್ದೂ ಸೇರಿಸಿ ಅತ್ತಳು. ನಾನು ಆ ಸ್ಟೀಲ್ ಲೋಟದಲ್ಲಿ ನೀರು ತಂದು ಕೊಟ್ಟೆ. ಬೇರೆ ಲೋಟ ಕೈಗೆ ಸಿಗಲಿಲ್ಲ. ಅವಳು ಲೋಟ ನೋಡಿದಳು, ಕುಡಿಯದೆ ಪಕ್ಕಕ್ಕೆ ಇಟ್ಟಳು.

ಕಂಪಲಾಪುರದವರೆಗೆ ಬೈಕಿನಲ್ಲಿ ಬಿಟ್ಟೆ.  ಮೈಸೂರು ಬಸ್ ಬಂದಾಗ ಅವಳ ಕೈಯಲ್ಲಿ ಹಳದಿ ಗಂಟು ಕಂಡಿತು.

"ಅದ್ನ ಗುಡೀಗ್ ಹಾಕ್ಬೇಕು ಕಣಮ್ಮಿ. ಕೊಡಿಲ್ಲಿ."

"ಈಗ್ಲೇ ಹಾಕುದ್ರೆ ಅವ್ವ ಮಾಡಿದ್ದು ತಪ್ಪು ಅಂತಾಯ್ತದೆ. ಓದ್ ಮುಗೀಲಿ. ಆಮೇಲೆ ನಾನೇ ಬಂದು ಅಮ್ಮನ್ ಮುಂದೆ ನಿಂತು ಕೇಳ್ತೀನಿ, ತಪ್ಪಾ ಸರಿಯಾ ಅಂತ."

ಗಂಟನ್ನು ಬ್ಯಾಗಿನ ಒಳಗಿನ ಜಿಪ್ಪಿಗೆ ಹಾಕಿ ಬಸ್ ಹತ್ತಿದಳು.

ಈಗ ಮತ್ತೆ ಸೊಪ್ಪಿನ ಕಾಲ. ಒಲೆ ಮುಂದೆ ಅಪ್ಪ, ನಾನು ಇಬ್ಬರೇ. ಗೋಡೆ ಹತ್ತಿರ ಅವ್ವ ಕೂರುತ್ತಿದ್ದ ಜಾಗದಲ್ಲಿ ಸೌದೆ ಒಟ್ಟಿದ್ದೀವಿ. ಪೂಜಾರಿ ಎಲ್ಲಾದರೂ ಸಿಕ್ಕಿದರೆ ಮೆಲ್ಲಗೆ ಕೇಳುತ್ತಾನೆ. "ನಿಮ್ಮವ್ವನ್ ಕಾಣ್ಕೆ ಇನ್ನೂ ಬರ್ನಿಲ್ವಲ್ಲಪ್ಪ."

"ಬತ್ತದೆ ಇರಪ್ಪ" ಅಂತೀನಿ. "ಕಲಬುರ್ಗಿಯಿಂದ ಬರ್ಬೇಕು."