ರೊಟ್ಟಿ ಸಾಲಿನ ದಾದಾ

ಬೆಳಗಿನ ಆರೂಕಾಲು. ಅಲೆಕ್ಸಾಂಡ್ರಿಯಾದ ಕಡಲಗಾಳಿ ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಗಳನ್ನೆಲ್ಲ ಕುಣಿಸುತ್ತಿದೆ. ಲಿಫ್ಟ್ ಕೆಟ್ಟು ತಿಂಗಳಾಯಿತು. ಐದನೇ ಮಹಡಿಗೆ ತೊಂಬತ್ತೆರಡು ಮೆಟ್ಟಿಲು, ಇನ್ಸಾಫ್ ಒಂದೊಂದನ್ನೂ ಬೈದುಕೊಂಡೇ ಹತ್ತುತ್ತಾರೆ. ಬಾಗಿಲು ತೆರೆಯುವಷ್ಟರಲ್ಲಿ ಮೂರು ವರ್ಷದ ಫರೀದಾ ಕೆದರಿದ ತಲೆಯಲ್ಲಿ ಎದ್ದು ಕೂತಿರುತ್ತಾಳೆ. ಮುಖ ತೊಳೆಸಿ, ಜಡೆ ಹಾಕಿ, ಬೆಂದ ಫೂಲ್ ಕಾಳನ್ನು ಕಿವುಚಿ ನಿಂಬೆ ಹಿಂಡಿ, ರೊಟ್ಟಿ ಚೂರನ್ನು ಅದರಲ್ಲಿ ಅದ್ದಿ ತಿನ್ನಿಸುವಾಗ ಇನ್ಸಾಫ್‌ಗೆ ಇನ್ನೂ ಉಸಿರು ಪೂರ್ತಿ ಹತೋಟಿಗೆ ಬಂದಿರುವುದಿಲ್ಲ.

ಐವತ್ತನಾಲ್ಕು ವರ್ಷದ ಇವರು ಈ ಕಟ್ಟಡಕ್ಕೆಲ್ಲ ‘ದಾದಾ’. ನಮ್ಮ ಕಡೆಯ ಬೀದಿ ರೌಡಿಯಲ್ಲ, ಮಕ್ಕಳನ್ನು ನೋಡಿಕೊಳ್ಳುವಾಕೆಗೆ ಇಲ್ಲಿ ಪ್ರೀತಿಯಿಂದ ಹೇಳುವ ಮಾತು. ಇಪ್ಪತ್ತಾರು ವರ್ಷಗಳಲ್ಲಿ ಹನ್ನೊಂದು ಮಕ್ಕಳು ಇವರ ಕಂಕುಳಲ್ಲಿ ಬೆಳೆದಿದ್ದಾರೆ. ಅವರಲ್ಲಿ ಒಬ್ಬನಿಗೆ ಈಗ ಮೀಸೆ ಬಂದಿದೆ. ದಾರಿಯಲ್ಲಿ ಸಿಕ್ಕರೆ ಇವರ ಕೈಗೆ ಮುತ್ತಿಡುತ್ತಾನೆ.

ಫರೀದಾಳ ತಾಯಿ ದಾಲಿಯಾ ಔಷಧಿ ಅಂಗಡಿ ನಡೆಸುವವರು, ಇಲ್ಲಿ ಅಂಥವರನ್ನೂ ಡಾಕ್ಟರ್ ಎಂದೇ ಕರೆಯುತ್ತಾರೆ. ಏಳೂವರೆಗೆ ಹೊರಟರೆ ಮರಳುವುದು ಮೂರರ ಮೇಲೆಯೇ. ಇನ್ಸಾಫ್‌ರ ಗಂಡ ದೋಣಿಗಳಿಗೆ ಬಣ್ಣ ಬಳಿಯಲು ಬೆಳಕು ಹರಿಯುವ ಮುಂಚೆ ಬಂದರಿಗೆ ಹೋಗಿಬಿಡುತ್ತಾರೆ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ. ಹಾಗಾಗಿ ಪಡಿತರ ಕಾರ್ಡು ಹಿಡಿದು ತಮ್ಮ ಮನೆಗೆ ದಿನದ ಇಪ್ಪತ್ತು ರೊಟ್ಟಿ ತರುವ ಕೆಲಸ ಇವರದೇ. ಬೇಕರಿ ಹನ್ನೆರಡಕ್ಕೆ ಬಾಗಿಲು ಹಾಕಿದರೆ ಆ ದಿನದ ಕಥೆ ಮುಗಿಯಿತು.

ಅದಕ್ಕೇ ಹತ್ತು ಗಂಟೆಗೆ ಫರೀದಾಳ ಕೈ ಹಿಡಿದು ಮೂಲೆಯ ಬೇಕರಿಗೆ ನಡೆಯುತ್ತಿದ್ದರು. ಬಲಕ್ಕೆ ಹೆಂಗಸರ ಸಾಲು, ಎಡಕ್ಕೆ ಗಂಡಸರ ಸಾಲು. ಬಿಸಿ ರೊಟ್ಟಿಯನ್ನು ಯಾರದೋ ಕಾರಿನ ಬಾನೆಟ್ ಮೇಲೆ ಹರಡಿ, ಆರಿದ ಮೇಲೆ ಚೀಲಕ್ಕೆ ತುಂಬುತ್ತಿದ್ದರು. ಇದು ಮನೆಯೊಡತಿಗೆ ಗೊತ್ತಿರಲಿಲ್ಲ. “ಹೇಳ್ಬೇಕು ಹೇಳ್ಬೇಕು ಅಂತ ನಾಲಿಗೆ ತುದಿಗೆ ಬರೋದು. ಹಿಂದಿನ ಮನೇಲಿ ಇಂಥದೇ ಮಾತಿಗೆ ಕೆಲಸ ಹೋಗಿತ್ತಲ್ಲ, ನುಂಗ್ಕೋತಿದ್ದೆ,” ಎನ್ನುತ್ತಾರೆ.

ಗುಟ್ಟು ರಟ್ಟು ಮಾಡಿದ್ದು ಚಪ್ಪಲಿಗಳು. ಹೋದ ಚಳಿಗಾಲದ ಒಂದು ಸಂಜೆ ಫರೀದಾ ಮನೆಯ ಪಾದರಕ್ಷೆಗಳನ್ನೆಲ್ಲ ಪಡಸಾಲೆಯಲ್ಲಿ ಎರಡು ಸಾಲು ಮಾಡಿಟ್ಟಿದ್ದಳು. ಒಳಬಂದ ಅಪ್ಪ ತಾರಿಕ್ ಬೂಟು ಬಿಟ್ಟ ಕಡೆ ನೋಡಿ ಸೊಂಟದ ಮೇಲೆ ಕೈಯಿಟ್ಟು ಗದರಿದಳು: “ಏಯ್ ಅಪ್ಪಾ, ಗಂಡಸ್ರ ಸಾಲು ಆ ಕಡೆ! ತಳ್ಬೇಡಿ, ಎಲ್ರಿಗೂ ಸಿಗುತ್ತೆ!”

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅಮ್ಮ ನಗಲಿಲ್ಲ.

ಮರುದಿನ ದಾಲಿಯಾ ಅಂಗಡಿಗೆ ಹೊರಡದೆ ಪಡಸಾಲೆಯಲ್ಲೇ ಕಾದಿದ್ದರು. “ದಾದಾ, ಇವ್ಳು ಬೇಕರಿ ಸಾಲು ಎಲ್ಲಿ ನೋಡಿದ್ಳು?”

ಸುಳ್ಳು ಹೇಳಬಹುದಿತ್ತು. ಇನ್ಸಾಫ್ ಹೇಳಲಿಲ್ಲ. “ನನ್ ಜೊತೆ ಬರ್ತಾಳೆ ಡಾಕ್ಟ್ರೇ. ದಿನಾ. ಕೈ ಮಾತ್ರ ಒಂದು ಗಳಿಗೆನೂ ಬಿಟ್ಟಿಲ್ಲ.”

“ಆ ಒಲೆ, ಆ ರಸ್ತೆ, ಆ ಜನ! ಕೆಲಸದ ಹೊತ್ತಲ್ಲಿ ನಿಮ್ಮ ಮಿಶ್ವಾರಿಗೆ ನನ್ ಮಗೂನ ಕರ್ಕೊಂಡು ಹೋಗೋದಾ?”

ಮಿಶ್ವಾರ್ ಅಂದರೆ ಹೊರಗಿನ ಓಡಾಟದ ಕೆಲಸ. ಆ ಮಾತು ಕೇಳಿ ಇನ್ಸಾಫ್‌ ಕೆಲಸ ಹೋಯಿತು ಎಂದೇ ಅಂದುಕೊಂಡರು. ಹೋಗುವುದೇ ಆದರೆ ಮನಸ್ಸಿನಲ್ಲಿ ಇರುವುದನ್ನು ಆಡಿಯೇ ಹೋಗೋಣ ಎಂದು ಬಾಯಿ ತೆರೆದರು.

“ನಿಮ್ಮ ಯಜಮಾನ್ರ ಅಂಗಿ ಇಸ್ತ್ರಿಗೆ ಹಾಕೋದು, ಕೆಳಗೆ ನಿಮ್ಮತ್ತೆ ಹಾಜಾ ಅಮ್ಮಂಗೆ ಮಾತ್ರೆ ಕೊಟ್ಟು ಬರೋದು, ಗುರುವಾರದ ಮೀನು... ಅವೂ ಮಿಶ್ವಾರೇ ಅಲ್ವಾ ತಾಯಿ? ಅವಕ್ಕೂ ಮಗು ನನ್ ಜೊತೇನೇ ಬರುತ್ತೆ. ನಂದು ಅಂತ ಇರೋದು ಒಂದೇ, ರೊಟ್ಟಿ.”

ದಾಲಿಯಾ ಚಪ್ಪಲಿಗಳ ನಡುವೆಯೇ ಸ್ಟೂಲು ಎಳೆದು ಕೂತರು. “ನೀವು ಕೇಳ್ಲಿಲ್ಲ. ನಾನೂ ಯಾವತ್ತೂ ಬಿಡಿಸಿ ಹೇಳ್ಲಿಲ್ಲ. ಚಹಾ ಇಡಿ ದಾದಾ, ನಂಗೂ ನಿಮ್ಗೂ,” ಎಂದರು.

ಎರಡನೇ ಲೋಟ ಮುಗಿಯುವಷ್ಟರಲ್ಲಿ ಎಲ್ಲ ಇತ್ಯರ್ಥವಾಯಿತು. ಹತ್ತರಿಂದ ಹತ್ತೂವರೆ ಇನ್ಸಾಫ್‌ರ ರೊಟ್ಟಿ ಹೊತ್ತು. ಆಗ ಫರೀದಾ ಮೂರನೇ ಮಹಡಿಯ ಅಜ್ಜಿ ಹಾಜಾ ನಬವಿಯ್ಯಾ ಬಳಿ ಇರುತ್ತಾಳೆ. ಬೇರೆ ಸ್ವಂತ ಕೆಲಸ ಇದ್ದರೆ ಹಿಂದಿನ ದಿನವೇ ಹೇಳಬೇಕು. ದಾಲಿಯಾ ಕೂಡ ಹೊರಗಿನ ಕೆಲಸ ಹೇಳುವ ಮುಂಚೆ “ಪುರುಸೊತ್ತಿದೆಯಾ” ಎಂದು ಕೇಳಬೇಕು. ಅಂಗಿಗಳನ್ನು ಇಸ್ತ್ರಿಗೆ ಈಗ ತಾರಿಕ್ ತಾವೇ ಹೊರುತ್ತಾರೆ. ಅಜ್ಜಿಗೆ ಅದೊಂದು ದೊಡ್ಡ ಖುಷಿ: “ನನ್ ಮಗ ಕೊನೆಗೂ ಗಂಡಸ್ರ ಸಾಲಿಗೆ ಸೇರ್ದ ಕಣೇ ಇನ್ಸಾಫ್!”

“ಎದೆ ಮೇಲಿದ್ದ ಕಲ್ಲು ಇಳೀತು,” ಎನ್ನುತ್ತಾರೆ ಇನ್ಸಾಫ್. “ಮೊದ್ಲು ಸಾಲಲ್ಲಿ ನಿಂತ್ರೆ ಬೆನ್ನ ಹಿಂದೆ ಯಾರು ನೋಡ್ತಿದಾರೋ ಅಂತ ಭಯ. ಈಗ ಪಕ್ಕದವ್ಳ ಜೊತೆ ಹರಟೆ ಹೊಡೀತೀನಿ. ಪುರುಸೊತ್ತಿದೆಯಾ ದಾದಾ ಅಂತ ಕೇಳ್ತಾರಲ್ಲ, ಅಷ್ಟು ಸಾಕು ನಂಗೆ.”

ಇವತ್ತು ಹತ್ತೂವರೆಗೆ ಇನ್ನೂ ಮೂರು ನಿಮಿಷ ಇರುವಾಗಲೇ ಇನ್ಸಾಫ್ ರೊಟ್ಟಿಯ ಚೀಲದೊಂದಿಗೆ ಅಜ್ಜಿಯ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಮತ್ತೆ ಎರಡು ಸಾಲು ಚಪ್ಪಲಿ. ಹೆಂಗಸರ ಸಾಲಿನ ತಲೆಯಲ್ಲಿ ಇನ್ಸಾಫ್ ಇಲ್ಲಿ ಮನೆಯೊಳಗೆ ಮೆಟ್ಟುವ ಸವೆದ ನೀಲಿ ಚಪ್ಪಲಿ, ಅದರ ಹಿಂದೆ ಫರೀದಾಳ ಪುಟ್ಟ ಜೋಡು.

“ಬಾ ದಾದಾ,” ಎನ್ನುತ್ತಾಳೆ ಮಗು. “ನಿನ್ ಜಾಗ ಹಿಡ್ದಿಟ್ಟಿದೀನಿ. ಯಾರ್ನೂ ಬಿಟ್ಟಿಲ್ಲ.”

ಇನ್ಸಾಫ್ ಚೀಲ ಕೆಳಗಿಟ್ಟು ಆ ನೀಲಿ ಚಪ್ಪಲಿಗೆ ಕಾಲು ತೂರಿಸುತ್ತಾರೆ.