ತೂತು ಬಿದ್ದ ಡೈಮ್

ತ್ಯಾಗರಾಜನಿಗೆ ನೆಲದೊಳಗಿನ ಬೆಳ್ಳಿಯ ಹುಚ್ಚು ಹಿಡಿದು ನಾಲ್ಕು ವರ್ಷವಾಗಿತ್ತು. 2020ರಲ್ಲಿ ಮನೆಯಲ್ಲೇ ಕೂತ ಜನರೆಲ್ಲ ಬ್ರೆಡ್ ಸುಡುವುದು ಕಲಿತರೆ, ಇವನು ಮೆಟಲ್ ಡಿಟೆಕ್ಟರ್ ತರಿಸಿಕೊಂಡ. ವಾರವಿಡೀ ಸ್ಟರ್ಲಿಂಗ್ ಎಂಬ ಊರಿನ ಡೇಟಾ ಸೆಂಟರಿನಲ್ಲಿ ಸರ್ವರುಗಳನ್ನು ಕಾಯುವವನು, ಶನಿವಾರ ಬಂತೆಂದರೆ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಆ ಯಂತ್ರ ಹಿಡಿದು ಊರವರ ಹೊಲ ಗುಡಿಸುತ್ತಿದ್ದ. ಸಿಕ್ಕಿದ್ದೇನು? ಸೋಡಾ ಡಬ್ಬಿಯ ಮುಚ್ಚಳ, ತುಕ್ಕು ಹಿಡಿದ ಮೊಳೆ, ಕುದುರೆಯ ಲಾಳ. "ಗುಜರಿ ಅಂಗಡಿ ಇಡ್ತೀರೇನ್ರೀ?" ಎಂದು ಹೆಂಡತಿ ಕಾತ್ಯಾಯಿನಿ ಕೇಳುವಳು. ಅವಳದೂ ತಪ್ಪಲ್ಲ ಬಿಡಿ, ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ.

ಹಳೆಯ ಬೆಳ್ಳಿ ನಾಣ್ಯ ಒಂದೇ ಒಂದು ಸಿಗಲಿ, ತನ್ನದಾಗಲಿ, ಅಷ್ಟೇ ಅವನ ಆಸೆ.

ಲೀಸ್‌ಬರ್ಗ್ ದಾಟಿದ ಮೇಲೆ ಮಿಸ್ ಕೋರಾ ಅವರ ಹೊಲ. ಎಂಬತ್ತನಾಲ್ಕು ವರ್ಷದ ಹೆಂಗಸು. ಗುಲಾಮಗಿರಿಯಿಂದ ಬಿಡುಗಡೆಯಾದ ಮುತ್ತಾತ ದುಡಿದು ಕೊಂಡ ನೆಲ ಅದು. ಅಲ್ಲಿ ಅಗೆಯಲು ಒಪ್ಪಿಗೆ ಕೊಟ್ಟಾಗ ಅವರು ಹಾಕಿದ್ದು ಒಂದೇ ಷರತ್ತು: "ನಮ್ಮ ಮನೆಯವರದು ಅಂತ ಗೊತ್ತಾದರೆ ನನಗೆ ಕೊಡಬೇಕು. ಉಳಿದದ್ದು ನಿನ್ನದು." ಇವನು ಧಾರಾಳವಾಗಿ ತಲೆಯಾಡಿಸಿದ್ದ. ಮೊಳೆಗೆ ಯಾರು ಜಗಳವಾಡುತ್ತಾರೆ?

2024ರ ಏಪ್ರಿಲ್ಲಿನಲ್ಲಿ, ಹಳೇ ಬಾವಿಯ ಹತ್ತಿರ, ಯಂತ್ರ ಹಿಂದೆಂದೂ ಕೂಗದಷ್ಟು ತೆಳ್ಳಗೆ, ಸ್ಪಷ್ಟವಾಗಿ ಕೂಗಿತು. ಒಂದು ಗೇಣು ಅಗೆದ. ಮಣ್ಣಿನ ಹೆಂಟೆಯಲ್ಲಿ ಬಿಳಿ ಅಂಚು ಕಂಡಿತು. ಹತ್ತು ಸೆಂಟಿನ ಡೈಮ್, ಮೇಲೆ ಕೂತ ಹೆಂಗಸಿನ ಚಿತ್ರ, ಕೆಳಗೆ 1853. ತ್ಯಾಗರಾಜ ಬೆರಳಿನಿಂದ ಮಣ್ಣು ಬಿಡಿಸಿದ. ಆಮೇಲೆ ನೋಡಿದರೆ ತಲೆಯ ಕಡೆ ಒಂದು ತೂತು.

ತನ್ನಂಥ ಹವ್ಯಾಸಿಗಳ ಆನ್‌ಲೈನ್ ಗುಂಪಿಗೆ ಫೋಟೋ ಹಾಕಿದ. ನೇಗಿಲು ತಾಗಿರಬೇಕು, ಕೆಟ್ಟುಹೋದ ನಾಣ್ಯ, ಆದರೂ ಮೊದಲ ಬೆಳ್ಳಿ ಅಲ್ಲವೇ, ಇಟ್ಟುಕೋ ಎಂದರು. ಸರಿ, ಇಟ್ಟುಕೊಂಡರಾಯಿತು ಎಂದು ಇವನೂ ಹಿಗ್ಗಿದ. ಹಿಗ್ಗಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಭೂತಗನ್ನಡಿ ಇಟ್ಟು ನೋಡಿದ.

ತೂತು ದುಂಡಗಿರಲಿಲ್ಲ. ಅಂಚಿನ ಕಡೆಗೆ ಎಳೆದುಕೊಂಡು ಉದ್ದವಾಗಿತ್ತು. ಹೆಂಗಸಿದ್ದ ಬದಿ ಚೆನ್ನಾಗಿಯೇ ಇತ್ತು, ಹಿಂಬದಿ ಮಾತ್ರ ಸವೆದು ನುಣ್ಣಗಾಗಿತ್ತು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಎದ್ದು ಹೋಗಿ ದೇವರ ಕಪಾಟಿನಿಂದ ಒಂದು ಜಿಪ್‌ಲಾಕ್ ಚೀಲ ತೆಗೆದ.

ಅದರಲ್ಲಿದ್ದದ್ದು ಮಗಳು ಇಂದುವಿನ ಉಡಿದಾರ. ಕಾತ್ಯಾಯಿನಿಯ ತಾಯಿ ಮೈಸೂರಿನಿಂದ ಬಂದು, ತೂತು ಕೊರೆದ ಬೆಳ್ಳಿಯ ಎರಡಾಣೆಯನ್ನು ಕರಿದಾರಕ್ಕೆ ಪೋಣಿಸಿ, ದೃಷ್ಟಿಯಾಗದಿರಲೆಂದು ಕೂಸಿನ ಸೊಂಟಕ್ಕೆ ಕಟ್ಟಿದ್ದರು. ಒಂದು ವರ್ಷವಾಗುವಷ್ಟರಲ್ಲಿ ಡೇಕೇರಿನವರು, ಮಗು ನುಂಗಿಬಿಟ್ಟೀತೆಂದು, ಕತ್ತರಿಯಲ್ಲಿ ಕತ್ತರಿಸಿ ಚೀಲದಲ್ಲಿ ಹಾಕಿ ಕೊಟ್ಟರು. ಆ ದಿನ ಕಾತ್ಯಾಯಿನಿ ಅತ್ತದ್ದು ಅವನಿಗೆ ಇನ್ನೂ ನೆನಪಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟ. ಎರಡಾಣೆಯ ತೂತು ಒಂದು ಕೂದಲೆಳೆಯಷ್ಟು ಮೇಲಕ್ಕೆ ಜಗ್ಗಿತ್ತು. ಡೈಮಿನದು ಅದರ ಹತ್ತರಷ್ಟು. ಹಾಗಾದರೆ ಇದು ನೇಗಿಲಿನ ಕೆಲಸವಲ್ಲ. ದಾರ ಎಳೆದು ತೂತು ಉದ್ದವಾಗಿದೆ, ಮೈಗೆ ತಾಗಿ ಹಿಂಬದಿ ಸವೆದಿದೆ. ಯಾವುದೋ ಮಗು ಇದನ್ನು ವರ್ಷಗಟ್ಟಲೆ ಮೈಮೇಲೆ ಹೊತ್ತಿತ್ತು. ಆ ಹೊಲದಲ್ಲಿ ಮಗು ಎಂದರೆ ಮಿಸ್ ಕೋರಾ ಅವರ ಮನೆಯದೇ ತಾನೆ?

ನಾಲ್ಕು ವರ್ಷ ಬೆನ್ನು ಬಗ್ಗಿಸಿದ್ದಕ್ಕೆ ಸಿಕ್ಕಿದ್ದು ಇದೊಂದು. ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುವವರಿಲ್ಲ, ಗುಂಪಿನವರೇ ನೇಗಿಲು ಎಂದಿದ್ದಾರೆ. ವಾರವೆಲ್ಲ ಹೀಗೇ ತನ್ನ ಜೊತೆ ತಾನೇ ವಾದ ಮಾಡಿ, ಸೋತು, ಶನಿವಾರ ಎರಡೂ ನಾಣ್ಯ ಜೇಬಿಗೆ ಹಾಕಿಕೊಂಡು ಹೊರಟ.

ಜಗಲಿಯಲ್ಲಿ ಕೂತಿದ್ದ ಮಿಸ್ ಕೋರಾ ಡೈಮನ್ನು ಅಂಗೈಯಲ್ಲಿ ಹೊರಳಿಸಿ, "ತೂತು ಬಿದ್ದಿದೆ. ನೀನೇ ಇಟ್ಟುಕೋ" ಎಂದು ವಾಪಸು ಚಾಚಿದರು.

ತ್ಯಾಗರಾಜನ ಕೈ ಮುಂದೆ ಹೋಯಿತು. ಹೋಗಿ ನಿಂತಿತು.

"ಬಿದ್ದದ್ದಲ್ಲ ಮ್ಯಾಮ್, ಬೇಕೆಂದೇ ಕೊರೆದದ್ದು" ಎಂದು ಎರಡಾಣೆ ತೆಗೆದು ತೋರಿಸಿದ. "ನಮ್ಮಲ್ಲೂ ಮಕ್ಕಳಿಗೆ ಕಟ್ಟುತ್ತಾರೆ. ಕೆಟ್ಟ ಕಣ್ಣು ಬೀಳಬಾರದು ಅಂತ. ನಿಮ್ಮ ಮನೆಯ ಯಾರೋ ಮಗುವಿನದು ಇದು."

ಅವರು ಚಾಚಿದ ಕೈ ಹಿಂದಕ್ಕೆ ತೆಗೆದು, ಡೈಮಿನ ತೂತಿನ ಮೇಲೆ ಬೆರಳಾಡಿಸಿದರು.

"ನನ್ನಜ್ಜಿ ಹ್ಯಾಟಿ," ಎಂದರು ಕೊನೆಗೆ, "ಚಿಕ್ಕವಳಿದ್ದಾಗ ಬಾವಿಯ ಹತ್ತಿರ ಕಾಲಿನಿಂದ ಅದೃಷ್ಟ ಕಳಚಿಬಿತ್ತು ಅಂತಿದ್ದಳು. ಸಾಯುವ ತನಕ ಅದನ್ನೇ ಹೇಳಿದಳು. ಮುದುಕಿಗೆ ಅರಳುಮರಳು ಅಂತ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ." ಕಣ್ಣು ಒರೆಸಿಕೊಂಡು, ಚಪ್ಪಲಿ ಕಳಚಿ, ಒಣಗಿದ ಕಾಲನ್ನು ಮೆಟ್ಟಿಲ ಮೇಲೆ ಚಾಚಿದರು. "ಕಟ್ಟು."

ಕಟ್ಟಲು ದಾರವೆಲ್ಲಿ? ಅತ್ತಿತ್ತ ನೋಡಿ, ಎರಡಾಣೆಯ ಕರಿದಾರವನ್ನೇ ಬಿಡಿಸಿಕೊಂಡ. ಕೂಸಿನ ಸೊಂಟ ಸುತ್ತಿದ್ದ ದಾರ ಮುದುಕಿಯ ಕಾಲಿಗೆ ಸಲೀಸಾಗಿ ಸುತ್ತಿ ಬಂತು.

ಸಂಜೆ ಕಪಾಟಿನ ಮುಂದೆ ಕಾತ್ಯಾಯಿನಿ, ಎರಡಾಣೆಯೊಂದೇ ಉಳಿದಿದ್ದ ಚೀಲ ಎತ್ತಿ ಹಿಡಿದಳು. "ರೀ, ದಾರ ಎಲ್ಲಿ?"

ಅವನು ನಡೆದದ್ದನ್ನೆಲ್ಲ ಹೇಳಿದ. ಬೈಗುಳಕ್ಕೆ ಸಿದ್ಧನಾಗಿ ನಿಂತ.

"ಬೆಳ್ಳಿನೂ ಕೊಟ್ಬಿಟ್ರಾ?"

"ಕೊಟ್ಟೆ."

ಅವಳು ಚೀಲವನ್ನು ಮೊದಲಿದ್ದಲ್ಲೇ ಇಟ್ಟಳು. "ಗಂಟು ಎಷ್ಟು ಹಾಕಿದ್ರಿ?"

"ಮೂರು."

"ಗಟ್ಟಿಯಾಗಿ ಹಾಕಿದ್ರಿ ತಾನೆ? ಇನ್ನೊಂದ್ಸಲ ಬೀಳಬಾರದು."