ಮಗಳಿಗೆ ವಾಸಿಯಾದ ರೋಗ

ಕೊರೋನಾ ಗದ್ದಲ ತಣ್ಣಗಾದ ಮರುವರ್ಷ. ನಾನಾಗ ಬೈಲಹೊಂಗಲದಲ್ಲಿ ಶಸ್ತ್ರಚಿಕಿತ್ಸಕ, ನಿವೃತ್ತಿ ಹತ್ತಿರವಿತ್ತು. ಒಂದು ಸೋಮವಾರ ಮುನವಳ್ಳಿಯ ಶೋಭಾ ತನ್ನ ತಂದೆಯನ್ನು ಕರೆದುಕೊಂಡು ಬಂದಳು. ಕೆಲವು ವರ್ಷಗಳ ಹಿಂದೆ ಈಕೆಯ ಥೈರಾಯ್ಡ್ ಕ್ಯಾನ್ಸರಿಗೆ ನಾನೇ ಆಪರೇಷನ್ ಮಾಡಿದ್ದೆ. ಈಗ ದಿನಾ ಬೆಳಿಗ್ಗೆ ಒಂದು ಗುಳಿಗೆ ನುಂಗಿ ಶಾಲೆಗೆ ಹೋಗಿ ಪಾಠ ಹೇಳುತ್ತಾಳೆ.

ತಂದೆ ಫಕೀರಪ್ಪನವರಿಗೆ ಎಪ್ಪತ್ತು ದಾಟಿತ್ತು. ಪೇಟೆಯಲ್ಲಿ ಕಾಳಿನ ಸವಾಲು, ಅಂದರೆ ಹರಾಜು, ಕೂಗುವ ದಲಾಲರು. ಕೊರಳಲ್ಲಿ ಬಹಳ ವರ್ಷದಿಂದ ಒಂದು ಗಂಟು. ನೋವಿಲ್ಲ, ತ್ರಾಸಿಲ್ಲ, 'ದಲಾಲರು ಗಂಟು ಮಾಡ್ಯಾರ' ಎಂದು ಊರವರು ಚೇಷ್ಟೆ ಮಾಡಿದರೆ ಅವರೂ ನಗುತ್ತಿದ್ದರು. ಈಚೆಗೆ ದನಿ ಬಿದ್ದಿತ್ತು. ಕೂಗಿ ಕೂಗಿ ಹೀಗಾಗಿದೆ ಎಂದು ಮನೆಯವರು ಮೆಣಸಿನ ಕಷಾಯ ಕುಡಿಸಿದ್ದರು. ದಲಾಲನ ದನಿ ಬಿದ್ದರೆ ಯಾರಾದರೂ ಬೇರೆ ಕಾರಣ ಯಾಕೆ ಹುಡುಕುತ್ತಾರೆ? ನಾನು ಗಂಟು ಮುಟ್ಟಿ ನೋಡಿದೆ. ಕಲ್ಲಿನಷ್ಟು ಗಟ್ಟಿ, ಅಲುಗಲೇ ಇಲ್ಲ. ದನಿ ಬಿದ್ದದ್ದು ಕೂಗಿ ಅಲ್ಲ ಎಂದು ಗೊತ್ತಾಯಿತು.

ಶೋಭಾಗೆ ಹೆದರಿಕೆಯೇ ಇರಲಿಲ್ಲ. "ನಿಮ್ಮ ಕೈಗುಣದಿಂದ ನಂದು ಆರಾಮ ಆತ್ರಿ. ಅಪ್ಪಗೂ ಹಂಗ ಮಾಡ್ರಿ," ಎಂದಳು.

ಗಂಟಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದೆ. ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್ ಎಂದು ಬಂತು; ಅಂದರೆ ಗ್ರಂಥಿಯ ಜೀವಕೋಶಗಳು ತಮ್ಮ ಗುಣ ಮರೆತು ಹುಚ್ಚೆದ್ದು ಬೆಳೆಯುವ ಬಗೆ. ಹೆಚ್ಚಾಗಿ ವಯಸ್ಸಾದವರಿಗೇ ಬರುತ್ತದೆ. ನನ್ನ ಸೇವೆಯ ಅವಧಿಯಲ್ಲಿ ಒಳ್ಳೆಯ ಸ್ಕ್ಯಾನ್ ಬಂದವು, ಹೊಸ ಔಷಧ ಬಂದವು. ಶೋಭಾಳಂಥವರು ದಶಕಗಟ್ಟಲೆ ಬದುಕುವುದನ್ನು ಕಂಡೆ. ಮುದುಕರ ಪಾಲಿಗೆ ಮಾತ್ರ ಆ ಸುಧಾರಣೆ ಕುಂಟುತ್ತಲೇ ಬಂತು. ಈ ಬಗೆಯ ರೋಗದೆದುರಂತೂ ನಾವು ಹೆಚ್ಚುಕಡಿಮೆ ಬರಿಗೈಯವರೇ. ಬೆಳಗಾವಿಯ ತಜ್ಞರೂ ಗಂಟು ತೆಗೆಯಲು ಆಗುವುದಿಲ್ಲ ಎಂದರು.

ಫಕೀರಪ್ಪನವರು ಮಗಳನ್ನು ಚಹಾ ತರಲು ಕಳಿಸಿ, ನನ್ನನ್ನು ನೇರವಾಗಿ ಕೇಳಿದರು. ಇದ್ದದ್ದನ್ನು ಹೇಳಿದೆ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಅಂದ್ರ ಆಕಿದು ಬ್ಯಾರೆ, ನಂದು ಬ್ಯಾರೆ?"

"ಹೌದ್ರಿ. ನಿಮ್ಮದು ಕೆಟ್ಟದ್ದು."

"ಕೆಟ್ಟದ್ದು ನನ್ನ ಪಾಲಿಗೆ ಬಂತಲ್ರಿ. ಛಲೋ ಆತು," ಎಂದರು.



ಕೆಲವು ದಿನಗಳಲ್ಲಿ ಉಸಿರು ಕಟ್ಟತೊಡಗಿತು. ಟ್ರೇಕಿಯಾಸ್ಟಮಿ ಮಾಡಿದೆ, ಅಂದರೆ ಕೊರಳಲ್ಲಿ ರಂಧ್ರ ಮಾಡಿ ಉಸಿರಾಡಲು ನಳಿಗೆ ಕೂರಿಸಿದೆ. ಉಸಿರು ಬಂತು, ಉಳಿದಿದ್ದ ದನಿಯೂ ಹೋಯಿತು. ನನ್ನಿಂದ ಆದದ್ದು ಅಷ್ಟೇ. ಎರಡು ತಿಂಗಳೊಳಗೆ ತೀರಿಕೊಂಡರು.

ಆ ವರ್ಷದ ಕೊನೆಗೆ ಶೋಭಾ ತನ್ನ ತಪಾಸಣೆಗೆ ಬಂದಳು. ರಿಪೋರ್ಟು ಚೆನ್ನಾಗಿದೆ ಎಂದೆ. ಅವಳು ಏಳಲಿಲ್ಲ.

"ನಿಮ್ಮ ಅವ ಕೈ, ಅದ ಕೊರಳಿನ ಗಂಟು. ನಾ ಅಷ್ಟ ಹೆಂಗ ಉಳದ್ನಿರಿ?" ಎಂದು ಕೇಳಿದಳು.

ವಯಸ್ಸು, ರೋಗದ ಬಗೆ ಎಲ್ಲವನ್ನೂ ವಿವರಿಸಬಹುದಿತ್ತು. ಅದರ ಬದಲು ಅವಳ ರಿಪೋರ್ಟನ್ನು ಮಡಚಿಟ್ಟೆ. ಗುಣವಾಗದವರ ಎದುರು ಕೂರುವುದನ್ನು ಈ ವೃತ್ತಿ ನನಗೆ ಮೊದಲೇ ಕಲಿಸಿತ್ತು. ಗುಣವಾದವರ ಎದುರೂ ತಲೆ ತಗ್ಗಿಸಿ ಕೂರಬೇಕಾಗುತ್ತದೆ ಎಂಬುದನ್ನು ಅವತ್ತು ಕಲಿತೆ.